ಹೃದಯಕ್ಕೆ ಹಾಕುವ ಸ್ಟೆಂಟನ್ನು ಮೆದುಳಿಗೇಕೆ ಹಾಕುವುದಿಲ್ಲ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಹೋದ ತಿಂಗಳು ಬಲಗೈ ಸೋತು, ಮಾತು ತೊದಲಿತು. ಮೆದುಳಿನೊಳಗಿನ ಒಂದು ರಕ್ತನಾಳ ಶೇ 80ರಷ್ಟು ಕಿರಿದಾಗಿದೆ ಎಂದು ಸ್ಕ್ಯಾನಿಂಗ್ ವರದಿ ಬಂದಿದೆ. ವೈದ್ಯರು ಬರೀ ಮಾತ್ರೆ ಕೊಟ್ಟಿದ್ದಾರೆ. ಸ್ಟೆಂಟ್ ಹಾಕಿಸಬಾರದೇ?

ಉತ್ತರ: ಇದಕ್ಕೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ, ಆದರೂ ‘ಬರೀ ಮಾತ್ರೆ’ ಎಂಬ ಮಾತು ಕಂಡಾಗಲೆಲ್ಲ ಮತ್ತೆ ಬರೆಯದೆ ಇರಲಾಗುವುದಿಲ್ಲ.

ಕಟ್ಟಿಕೊಂಡ ಪೈಪನ್ನು ಬಿಡಿಸಲೇಬೇಕು, ಬಿಡಿಸದ ವೈದ್ಯರು ಅರ್ಧ ಕೆಲಸ ಮಾಡಿದ್ದಾರೆ ಎಂಬ ತರ್ಕ ಈ ಮಾತಿನ ಹಿಂದಿದೆ. ಆದರೆ ಮೆದುಳಿನ ನಡುವಣ ಧಮನಿಯನ್ನೇ ನೋಡಿ: ಸುಮಾರು 3 ಮಿ.ಮೀ. ಅಗಲದ, ತೆಳು ಗೋಡೆಯ ನಾಳ. ಅದರ ಗೋಡೆಯಿಂದ ಕೂದಲೆಳೆಯಂಥ ಕವಲುಗಳು ಹೊರಟು, ಕೈಕಾಲುಗಳನ್ನು ಆಡಿಸುವ ನರತಂತುಗಳು ಹಾದುಹೋಗುವ ಆಳದ ಭಾಗಕ್ಕೆ ರಕ್ತ ಒಯ್ಯುತ್ತವೆ. ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆಯನ್ನು ಅರಳಿಸಿದಾಗ, ನಾಳವನ್ನು ಕಿರಿದಾಗಿಸಿದ ಗೋಡೆಯ ಕೊಬ್ಬು ಒತ್ತಿಕೊಂಡು ಆ ಕವಲುಗಳ ಬಾಯಿಗೇ ಮೆತ್ತಿಕೊಳ್ಳಬಹುದು. ನಾಳವೇ ಸೀಳಿ ರಕ್ತಸ್ರಾವವೂ ಆಗಬಹುದು.

ಇದು ಅಂದಾಜಿನ ಮಾತಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ‘ಸ್ಯಾಂಪ್ರಿಸ್’ ಅಧ್ಯಯನದಲ್ಲಿ, ನಾಳ ಶೇ 70ರಿಂದ 99ರಷ್ಟು ಕಿರಿದಾಗಿ ಅದರಿಂದ ತೊಂದರೆಯೂ ಕಾಣಿಸಿಕೊಂಡಿದ್ದ 451 ಜನರಿಗೆ ಮಾತ್ರೆ ಕೊಟ್ಟು, ಅವರಲ್ಲಿ ಒಂದು ಗುಂಪಿಗೆ ಸ್ಟೆಂಟನ್ನೂ ಹಾಕಲಾಯಿತು. ಮೊದಲ 30 ದಿನಗಳಲ್ಲಿ ಪಾರ್ಶ್ವವಾಯುವಿಗೆ ಗುರಿಯಾದವರು ಅಥವಾ ಮೃತಪಟ್ಟವರು ಸ್ಟೆಂಟ್ ಗುಂಪಿನಲ್ಲಿ ಶೇ 14.7, ಮಾತ್ರೆಯ ಗುಂಪಿನಲ್ಲಿ ಶೇ 5.8. ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದಕ್ಕೂ ಮುಂಚೆ, 1985ರಲ್ಲೇ, ತಲೆಬುರುಡೆಯ ಹೊರಗಿನ ನಾಳವನ್ನು ಒಳಗಿನದಕ್ಕೆ ಜೋಡಿಸುವ ಬೈಪಾಸ್ ಕೂಡ ಇಂಥವರಲ್ಲಿ ಪಾರ್ಶ್ವವಾಯುವನ್ನು ತಡೆಯಲಿಲ್ಲವೆಂದು ತಿಳಿದುಬಂದಿತ್ತು.

ಪೈಪಿನ ಹೋಲಿಕೆ ಸೋಲುವುದು ಇಲ್ಲೇ. ಅನೇಕ ಬಾರಿ ತೊಂದರೆ ಕೊಡುವುದು ಕಿರಿದಾದ ಜಾಗ ಮಾತ್ರವಲ್ಲ, ಅಲ್ಲಿನ ಕೊಬ್ಬಿನ ಮೇಲ್ಮೈ ಒಡೆದು ಕಟ್ಟುವ ರಕ್ತದ ಗರಣೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಅದನ್ನು ತಡೆಯುತ್ತವೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಬ್ಬಿನ ಪದರವನ್ನು ಗಟ್ಟಿಗೊಳಿಸುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು, ಬಿಪಿ ಮತ್ತು ಸಕ್ಕರೆ ಹಿಡಿತದಲ್ಲಿರಬೇಕು, ಬೀಡಿ ಸಿಗರೇಟು ನಿಲ್ಲಬೇಕು. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡರಲ್ಲಿ ಒಂದನ್ನು ಸಾಮಾನ್ಯವಾಗಿ ಮೂರು ತಿಂಗಳ ನಂತರ ನಿಲ್ಲಿಸುತ್ತಾರೆ. ಯಾವುದನ್ನು, ಯಾವಾಗ ಎಂಬುದು ವೈದ್ಯರ ತೀರ್ಮಾನ. ‘ಹುಷಾರಾಗಿದೆ’ ಎಂದು ನೀವೇ ನಿಲ್ಲಿಸುವಂತಿಲ್ಲ.

ಮಾತ್ರೆಗಳೆಲ್ಲ ಸರಿಯಾಗಿ ನಡೆಯುತ್ತಿದ್ದರೂ ಮತ್ತೆ ಮತ್ತೆ ಪಾರ್ಶ್ವವಾಯು ಬಂದರೆ ಸ್ಟೆಂಟಿನ ಆಲೋಚನೆ ಬರುತ್ತದೆ. ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳದ ಕಥೆ ಬೇರೆ. ಅಲ್ಲಿ ಶಸ್ತ್ರಚಿಕಿತ್ಸೆಯಿಂದ ನಿಜವಾದ ಲಾಭವಿದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ಕಾಫಿ ಲೋಟ ಕೈಜಾರಿ, ಹತ್ತು ನಿಮಿಷಕ್ಕೆ ಕೈ ಸರಿಹೋದರೆ, ಮನೆಯವರು ‘ನಿತ್ರಾಣ’ ಎಂದು ಸಕ್ಕರೆ ನೀರು ಕುಡಿಸಿ ಮಲಗಿಸಿಬಿಡುತ್ತಾರೆ. ಕೈ ಹಾಗೆ ಸೋತದ್ದು ಪಾರ್ಶ್ವವಾಯುವಿನ ಮುನ್ಸೂಚನೆ; ದೊಡ್ಡ ಆಘಾತದ ಅಪಾಯ ಅತಿ ಹೆಚ್ಚಾಗಿರುವುದು ಮುಂದಿನ ಎರಡು ದಿನಗಳಲ್ಲೇ. ಆದ್ದರಿಂದ ಕೈ ಸರಿಹೋಗಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಸರಿಹೋಗದೆ ಉಳಿದರೆ, ಗರಣೆ ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ಸಾಮಾನ್ಯವಾಗಿ ತೊಂದರೆ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು, ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು. ಗಡಿಯಾರ ನೋಡಿ ಬರೆದಿಟ್ಟುಕೊಂಡು ಹೊರಡಿ.