ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕಿಟಕಿಯ ಹಿಡಿಕೆ, ಕೀಲು ಬದಲಿಸುವವರಿಗೆ ಟಿಪ್ಪಣಿ

ಮರದ ಕಿಟಕಿಯ ಹಿಡಿಕೆ ಬಿಗಿಯಾಗಿದೆ ಎಂದು ಹೊಸ ಹಿಡಿಕೆ ತಂದು ಹಾಕಿದೆ. ಮುಚ್ಚಲು ಹೋದರೆ ಅದೇ ಬಿಗಿ, ಅದೇ ಕಿರುಗುಟ್ಟುವಿಕೆ. ಕೊನೆಗೆ ಕದವನ್ನು ತೆರೆದಿಟ್ಟು ಹಿಡಿಕೆಯನ್ನಷ್ಟೇ ತಿರುಗಿಸಿ ನೋಡಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುಗಿತು. ಬಿಚ್ಚಿಟ್ಟಿದ್ದ ಹಳೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಅದೂ ಹಾಗೆಯೇ. ಹಿಡಿಕೆಯಲ್ಲಿ ದೋಷವೇ ಇರಲಿಲ್ಲ. ಮೇಲಿನ ಕೀಲು ಸವೆದು ಕದ ಮೂರು ಮಿಲಿಮೀಟರಿನಷ್ಟು ಜೋತುಬಿದ್ದಿತ್ತು, ಹಿಡಿಕೆಯ ಮೂಗು ಚೌಕಟ್ಟಿನ ತಟ್ಟೆಯ ತೂತಿಗೆ ಇಳಿಯದೆ ಅದರ ಅಂಚನ್ನು ಉಜ್ಜುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಹಾಗಾಗಿ ಈ ಟಿಪ್ಪಣಿಯಲ್ಲಿ ಬಿಚ್ಚುವ, ಜೋಡಿಸುವ ಮಾತಿಗಿಂತ ಮೊದಲು ರೋಗ ಹುಡುಕುವ ಮಾತು ಬರುತ್ತದೆ. ಗೋಡೆಗೆ ಕೂತಿರುವುದನ್ನು ಚೌಕಟ್ಟು ಎಂದೂ ತೆರೆದು ಮುಚ್ಚುವುದನ್ನು ಕದ ಎಂದೂ ಕರೆಯುತ್ತೇನೆ.

ಮೊದಲು ರೋಗ ಎಲ್ಲಿದೆ ನೋಡಿ

ಕದವನ್ನು ತೆರೆದಿಟ್ಟು, ಹಿಡಿಕೆಯನ್ನು ಮುಚ್ಚುವ ಸ್ಥಾನಕ್ಕೆ ತಿರುಗಿಸಿ. ತೆರೆದಾಗ ಸಲೀಸು, ಮುಚ್ಚಿದಾಗ ಮಾತ್ರ ಬಿಗಿ ಎಂದರೆ ಕದ ಜೋತುಬಿದ್ದಿದೆ, ಕೀಲನ್ನು ಪರೀಕ್ಷಿಸಿ. ತೆರೆದಾಗಲೂ ಬಿಗಿಯಾಗಿದ್ದರೆ ಹಿಡಿಕೆಯದೋ, ಕದದ ಅಂಚಿನೊಳಗೆ ಅಡಗಿರುವ ಗೇರ್ ಮತ್ತು ಸರಳಿನದೋ ತೊಂದರೆ. ಎರಡು ಹನಿ ಎಣ್ಣೆಗೆ ಬಗ್ಗುವಷ್ಟು ಸಣ್ಣದೂ ಇರಬಹುದು. ಇನ್ನು, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಮತ್ತು ಅಲ್ಯೂಮಿನಿಯಂ ಕಿಟಕಿಗಳಲ್ಲಿ ಹಿಡಿಕೆ ಸುತ್ತುತ್ತದೆ, ಆದರೆ ಅಂಚಿನ ಲಾಕ್ ಗುಬುಟುಗಳು ಅಲುಗುವುದಿಲ್ಲ ಎನ್ನುವ ಸ್ಥಿತಿ ಒಂದಿದೆ. ಹಿಡಿಕೆಯನ್ನು ಬಿಚ್ಚಿ ಅದರ ಹಿಂದಿನ ಚೌಕ ಕಡ್ಡಿಯನ್ನು, ಅಂದರೆ ಸ್ಪಿಂಡಲನ್ನು ನೋಡಿ. ಅದರ ಮೂಲೆಗಳು ಉರುಟಾಗಿದ್ದರೆ ಅಥವಾ ಹಿಡಿಕೆಯೊಳಗೆ ಅದು ಲೊಡಲೊಡ ಆಡುತ್ತಿದ್ದರೆ ಹಿಡಿಕೆ ಹೋಗಿದೆ. ಮೂಲೆಗಳು ಚೂಪಾಗಿಯೇ ಇದ್ದು ಬಿಗಿಯಾಗಿ ನಿಂತಿದ್ದರೆ ಒಳಗಿನ ಗೇರ್ ಮುರಿದಿರುತ್ತದೆ. ಎಷ್ಟು ಚಂದದ ಹಿಡಿಕೆ ತಂದರೂ ಅದು ಸರಿಹೋಗದು.

ಒಂದು ಎಚ್ಚರಿಕೆ. ಪಕ್ಕಕ್ಕೂ ತೆರೆಯುವ, ಮೇಲಿನಿಂದ ಒಳಕ್ಕೂ ವಾಲುವ ಟಿಲ್ಟ್ ಅಂಡ್ ಟರ್ನ್ ಕಿಟಕಿಗಳಲ್ಲಿ, ಕದ ತೆರೆದಿರುವಾಗ ಹಿಡಿಕೆ ತಿರುಗದಂತೆ ತಡೆಯುವ ಸಣ್ಣ ಲಿವರ್ ಅಂಚಿನಲ್ಲಿರುತ್ತದೆ. ಅದನ್ನು ಬೆರಳಿನಿಂದ ಒತ್ತಿ ಹಿಡಿದೇ ಪರೀಕ್ಷೆ ಮಾಡಬೇಕು, ಬಲವಂತ ಮಾಡಬಾರದು. ಹಿಡಿಕೆಯನ್ನು ಮುಚ್ಚುವ ಸ್ಥಾನದಲ್ಲೇ ನಿಲ್ಲಿಸಿ. ವಾಲಿಸುವ ಸ್ಥಾನದವರೆಗೆ ಒಯ್ದರೆ ಮೇಲಿನ ತೋಳು ಬಿಟ್ಟುಕೊಂಡು ಇಡೀ ಕದ ಕೆಳಗಿನ ಒಂದೇ ಕೀಲಿಗೆ ನೇತಾಡುತ್ತದೆ.

ಎರಡನೆಯ ಪರೀಕ್ಷೆ ಕೀಲಿಗೆ. ಕದವನ್ನು ಅರ್ಧ ತೆರೆದು, ಹಿಡಿಕೆಯ ಕಡೆಯ ಕೆಳಮೂಲೆಯನ್ನು ಅಂಗೈಯಿಂದ ಮೆಲ್ಲಗೆ ಮೇಲಕ್ಕೆತ್ತಿ. ಕಣ್ಣು ಮೇಲಿನ ಕೀಲಿನ ಮೇಲಿರಲಿ. ಕೀಲಿನ ಪಟ್ಟಿಯೇ ಮರದಿಂದ ಎದ್ದು ಕೂರುತ್ತಿದ್ದರೆ ಸ್ಕ್ರೂಗಳು ಸಡಿಲ, ಕೀಲು ಚೆನ್ನಾಗಿಯೇ ಇದೆ. ಪಟ್ಟಿ ಅಲುಗದೆ ನಡುವಿನ ಸೂಜಿಯ ಸುತ್ತ ಆಟ ಕಾಣಿಸಿದರೆ ಕೀಲು ಸವೆದಿದೆ. ನನ್ನದು ಎರಡನೆಯದು. ಸೂಜಿಯನ್ನು ಹೊರತೆಗೆದಾಗ ಅದರ ಒಂದೇ ಮಗ್ಗುಲಿನಲ್ಲಿ, ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಎರಡು ಕಚ್ಚುಗಳಿದ್ದವು, ಸುತ್ತ ಎಣ್ಣೆ ಬೆರೆತ ಕಪ್ಪು ಪುಡಿ. ಆ ಪುಡಿ ಬರೀ ಕೊಳೆಯಲ್ಲ. ಸವೆದುಹೋದ ಲೋಹವೂ ಅದರಲ್ಲಿರುತ್ತದೆ. ಕೀಲಿನ ಕೆಳಗೆ ಅಂಥ ಗೆರೆ ಇಳಿದಿರುವುದು ಕಂಡರೆ ಬಿಚ್ಚದೆಯೇ ಅರ್ಧ ಉತ್ತರ ಸಿಕ್ಕಂತೆ.

ಕದದ ತೂಕ

ಯಾವ ಸ್ಕ್ರೂಗೂ ಕೈ ಹಚ್ಚುವ ಮೊದಲು ಈ ಲೆಕ್ಕ ಹಾಕಿ. ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕಿಲೋ ತೂಗುತ್ತದೆ. 60 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರದ ಕದದಲ್ಲಿ 4 ಮಿ.ಮೀ. ದಪ್ಪದ ಜೋಡಿ ಗಾಜು ಇದ್ದರೆ 0.72 × 8 × 2.5, ಅಂದರೆ 14.4 ಕಿಲೋ ಗಾಜೇ ಆಯಿತು. ಕದದ ಚೌಕಟ್ಟಿನ ತೂಕ ಬೇರೆ. ಇದು ತೋಳಿನಳತೆ ದೂರದಲ್ಲಿ, ಒಂದು ಕೈಯಲ್ಲಿ ಹಿಡಿಯುವ ಭಾರವಲ್ಲ. ಕೆಳಗೆ ಜನ ಓಡಾಡುವ ಮಹಡಿಯ ಕಿಟಕಿಯಾದರೆ ಇನ್ನೊಬ್ಬರು ಜೊತೆಗಿರಲಿ, ಹಗ್ಗದಿಂದ ಕದವನ್ನು ಒಳಗಿನ ಗಟ್ಟಿ ಆಸರೆಗೆ ಕಟ್ಟಿರಲಿ. ಹೊರಗೆ ಬಾಗಿ ಮಾಡಬೇಕಾದ ಕೆಲಸವಾದರೆ ನುರಿತವರಿಗೇ ಬಿಡುವುದು ವಾಸಿ.

ಮರದ ಕಿಟಕಿಯ ಕೀಲು

ಕದವನ್ನು ಕೆಳಗಿಳಿಸದೆಯೇ ಒಂದೊಂದೇ ಕೀಲನ್ನು ಬದಲಿಸಲು ಸಾಧ್ಯ. ಕದ ತೆರೆದು, ಅದರ ಕೆಳಗೆ ಬೆಣೆ ಕೊಟ್ಟು ಭಾರವನ್ನು ಬೆಣೆಯ ಮೇಲೆ ಕೂರಿಸಿ, ಒಂದು ಕೀಲು ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಕೂರಿಸಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಪೂರ್ತಿ ಇಳಿಸಲೇಬೇಕಾದರೆ ಕೆಳಗಿನ ಕೀಲನ್ನು ಮೊದಲು ಬಿಚ್ಚಿ, ಮೇಲಿನದನ್ನು ಕೊನೆಗೆ. ಏರಿಸುವಾಗ ಮೇಲಿನದು ಮೊದಲು.

ಹಳೆಯ ಸ್ಕ್ರೂಗಳ ತಲೆ ಬಣ್ಣದಲ್ಲಿ ಮುಳುಗಿರುತ್ತದೆ. ಸೀಳಿನೊಳಗಿನ ಬಣ್ಣವನ್ನು ಚೂಪಾದ ಮೊನೆಯಿಂದ ಕೆರೆದು ತೆಗೆಯುವ ತಾಳ್ಮೆ ಇಲ್ಲದವರು ಆ ತಲೆಯನ್ನು ಕೆಡಿಸಿಕೊಂಡು, ಆಮೇಲೆ ಅದನ್ನು ಕೊರೆದು ತೆಗೆಯುತ್ತಾ ಕೂರಬೇಕಾಗುತ್ತದೆ. ಕೀಲಿನ ಪಟ್ಟಿಯ ಸುತ್ತಲೂ ಬ್ಲೇಡಿನಿಂದ ಗೀರಿದರೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುವುದಿಲ್ಲ.

ಹೊಸ ಕೀಲಿನ ಉದ್ದ ಮತ್ತು ಅಗಲ ಹಳೆಯದರಷ್ಟೇ ಇರಬೇಕು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ತಪ್ಪಿಹೋಗುವುದು ಪಟ್ಟಿಯ ದಪ್ಪ. ಅದು ತೆಳುವಾಗಿದ್ದರೆ ಮರದ ಕಚ್ಚಿನೊಳಗೆ ಹೂತುಹೋಗುತ್ತದೆ. ಆಗ ಕದ ಮುಚ್ಚುವಾಗ ಕೀಲಿನ ಕಡೆಯ ಅಂಚು ಚೌಕಟ್ಟಿಗೆ ತಾಗಿ ಸ್ಪ್ರಿಂಗಿನಂತೆ ಹಿಂದಕ್ಕೆ ಪುಟಿಯುತ್ತದೆ. ಜನ ಅದನ್ನು ಒತ್ತಿ ಒತ್ತಿ ಮುಚ್ಚುತ್ತಾರೆ, ಪ್ರತಿ ಸಲವೂ ಸ್ಕ್ರೂ ಒಂದಿಷ್ಟು ಕಿತ್ತುಬರುತ್ತದೆ. ಪಟ್ಟಿಯ ಹಿಂದೆ ಅದೇ ಅಳತೆಗೆ ಕತ್ತರಿಸಿದ ತೆಳು ರಟ್ಟಿನ ತುಂಡು ಇಟ್ಟರೆ ಸರಿಹೋಗುತ್ತದೆ. ಪಟ್ಟಿ ದಪ್ಪವಾಗಿದ್ದರೆ ಉಳಿ ಹಿಡಿದು ಕಚ್ಚನ್ನು ಆಳ ಮಾಡಬೇಕು, ಅದೂ ಕೂದಲೆಳೆಯಷ್ಟೇ ಕೆತ್ತಿ, ಕೂರಿಸಿ, ನೋಡಿ, ಮತ್ತೆ ಕೆತ್ತಿ.

ಸ್ಕ್ರೂ ತೂತು ಸಡಿಲವಾಗಿದ್ದರೆ ದಪ್ಪ ಸ್ಕ್ರೂ ಹಾಕುವ ಆಸೆ ಬರುತ್ತದೆ. ಅದರ ತಲೆ ಕೀಲಿನ ಗುಳಿಯಲ್ಲಿ ಪೂರ್ತಿ ಇಳಿಯದೆ ಉಬ್ಬಿ ನಿಲ್ಲುತ್ತದೆ, ಎರಡು ಪಟ್ಟಿಗಳು ಒಂದಕ್ಕೊಂದು ಕೂರುವುದೇ ಇಲ್ಲ. ಮರಕ್ಕೆ ಸಾಕಷ್ಟು ದಪ್ಪವಿದ್ದರೆ ಹಳೆಯದರಷ್ಟೇ ದಪ್ಪದ, ಆದರೆ ಅದಕ್ಕಿಂತ ಉದ್ದದ ಸ್ಕ್ರೂ ಹಾಕಿ. ಇಲ್ಲವಾದರೆ ಮದ್ದು ತೆಗೆದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುರುಕಿ, ಒಣಗಿದ ಮೇಲೆ ಸಮಕ್ಕೆ ಕತ್ತರಿಸಿ, ಸಣ್ಣ ತೂತು ಕೊರೆದು ಸ್ಕ್ರೂ ಬಿಗಿಯಿರಿ. ಮರ ಕೊಳೆತಿದ್ದರೆ ಈ ಯಾವ ಉಪಾಯವೂ ನಿಲ್ಲದು. ಆ ಭಾಗವನ್ನು ಕತ್ತರಿಸಿ ಹೊಸ ತುಂಡು ಸೇರಿಸಬೇಕು.

ಹಿತ್ತಾಳೆ ಸ್ಕ್ರೂ ಮೆದು, ಗಟ್ಟಿ ಮರದಲ್ಲಿ ಅದರ ಕತ್ತು ಮುರಿಯುತ್ತದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ದಾರಿ ಮಾಡಿ, ತೆಗೆದು, ಆಮೇಲೆ ಹಿತ್ತಾಳೆಯದನ್ನು ತುಸು ಮೇಣ ಸವರಿ ಇಳಿಸಿ. ಹಿಂದೆ ನಾನು ಸಾಬೂನು ಸವರುತ್ತಿದ್ದೆ. ಅದು ತೇವ ಹೀರುತ್ತದೆ ಎಂದು ತಿಳಿದ ಮೇಲೆ ಬಿಟ್ಟೆ.

ಹಿಡಿಕೆ ಕೊಳ್ಳುವ ಮುನ್ನ

ಯುಪಿವಿಸಿ ಕಿಟಕಿಯ ಹಿಡಿಕೆಯಲ್ಲಿ ಸ್ಕ್ರೂಗಳು ಕಾಣುವುದಿಲ್ಲ. ಹಿಡಿಕೆಯನ್ನು ಅಡ್ಡಕ್ಕೆ ತಿರುಗಿಸಿ, ಬುಡದ ಮುಚ್ಚಳವನ್ನು ತುಸು ಎತ್ತಿ ಕಾಲು ಸುತ್ತು ಸರಿಸಿದರೆ ಮೇಲೊಂದು ಕೆಳಗೊಂದು ಸ್ಕ್ರೂ ಇಣುಕುತ್ತವೆ. ಕೆಲವದರಲ್ಲಿ ಅವು ಸಣ್ಣ ಪ್ಲಾಸ್ಟಿಕ್ ಬಿಲ್ಲೆಯ ಹಿಂದಿರುತ್ತವೆ. ಹಿಡಿಕೆ ಬರೀ ಅಲುಗಾಡುತ್ತಿದ್ದರೆ ಇವೆರಡನ್ನು ಬಿಗಿದು ಮುಚ್ಚಳ ಮುಚ್ಚಿ. ಕೊಳ್ಳುವ ಮಾತೇ ಬೇಡ.

ಬದಲಿಸಲೇಬೇಕು ಎಂದಾದರೆ ಬೇಕಾದ ಅಳತೆ ಮೂರು: ಎರಡು ಸ್ಕ್ರೂಗಳ ನಡುವಿನ ಅಂತರ, ಸ್ಪಿಂಡಲಿನ ದಪ್ಪ, ಬುಡದಿಂದ ಹೊರಚಾಚಿರುವ ಅದರ ಉದ್ದ. ಅಂತರ 43 ಮಿ.ಮೀ., ದಪ್ಪ 7 ಮಿ.ಮೀ. ಇರುವುದೇ ಹೆಚ್ಚು, ಆದರೂ ಅಳೆಯಿರಿ. ಮೂರನೆಯದು ಮಾತ್ರ ಕಿಟಕಿಯಿಂದ ಕಿಟಕಿಗೆ ಬೇರೆ. ಸ್ಪಿಂಡಲ್ ಉದ್ದವಾದರೆ ಹಿಡಿಕೆ ಕದಕ್ಕೆ ಒತ್ತಿ ಕೂರುವುದಿಲ್ಲ, ಗರಗಸದಿಂದ ತುಂಡರಿಸಬಹುದು. ಗಿಡ್ಡವಾದರೆ ಗೇರಿನ ತುದಿಯನ್ನಷ್ಟೇ ಕಚ್ಚಿ, ಕೆಲವೇ ದಿನದಲ್ಲಿ ಮೂಲೆ ಸವೆದು ಜಾರುತ್ತದೆ. ಅನುಮಾನವಿದ್ದರೆ ಉದ್ದದ್ದೇ ಇರಲಿ. ಬೀಗವಿರುವ ಹಿಡಿಕೆಯಾದರೆ ಕೀಲಿಕೈ ಕಿಟಕಿಯ ಹತ್ತಿರವೇ, ದೊಡ್ಡವರ ಕೈಗೆ ಎಟಕುವಲ್ಲಿರಲಿ. ಬೆಂಕಿ ಬಿದ್ದಾಗ ಹುಡುಕುತ್ತಾ ಕೂರಲಾಗದು.

ಜಾರುವ ಕೀಲು

ಹೊರಕ್ಕೆ ತೆರೆಯುವ ಯುಪಿವಿಸಿ, ಅಲ್ಯೂಮಿನಿಯಂ ಕದಗಳನ್ನು ಬೇಕಾದಲ್ಲಿ ನಿಲ್ಲಿಸುವುದು ಫ್ರಿಕ್ಷನ್ ಸ್ಟೇ ಎಂಬ ಕತ್ತರಿಯಂಥ ಕೀಲು. ಚೌಕಟ್ಟಿಗೆ ಬಿಗಿದ ಹಳಿಯಲ್ಲಿ ಒಂದು ತುಂಡು ಬಿಗಿಯಾಗಿ ಜಾರುತ್ತದೆ, ಆ ಬಿಗಿಯೇ ಕದವನ್ನು ಗಾಳಿಗೆ ಬಡಿಯದಂತೆ ಹಿಡಿಯುವುದು. ನಾವು ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ: ಕಿರುಗುಟ್ಟಿತೆಂದು ಹಳಿಯ ತುಂಬ ಗ್ರೀಸ್ ಬಳಿಯುತ್ತೇವೆ. ಆಗ ಹಿಡಿತ ಹೋಗಿ ಕದ ಪಟಾರನೆ ಬಡಿಯುತ್ತದೆ. ಗ್ರೀಸಿಗೆ ಧೂಳು ಅಂಟಿ ಹಳಿ ಅರದಂತೆ ಉಜ್ಜತೊಡಗುತ್ತದೆ. ಹಳಿಯನ್ನು ಒಣ ಬ್ರಷ್ಷಿನಿಂದ ಗುಡಿಸಿ, ತೋಳುಗಳು ಸೇರುವ ರಿವೆಟ್‌ಗಳಿಗೆ ಮಾತ್ರ ಒಂದೊಂದು ಹನಿ ತೆಳು ಎಣ್ಣೆ ಬಿಡಿ. ಜಾರುವ ತುಂಡಿನಲ್ಲಿ ಸಣ್ಣ ಸ್ಕ್ರೂ ಇದ್ದರೆ ಅದನ್ನು ಕಾಲು ಸುತ್ತು ಬಿಗಿದೇ ಹಿಡಿತವನ್ನು ಮರಳಿ ಪಡೆಯಬಹುದು.

ತೋಳು ಬಾಗಿದ್ದರೆ, ರಿವೆಟ್ ಸವೆದಿದ್ದರೆ ಬದಲಿಸಿ, ಅದೂ ಜೋಡಿಯಾಗಿ. ಹಳೆಯದೊಂದು ಹೊಸದೊಂದು ಸೇರಿದರೆ ಕದ ಓರೆಯಾಗುತ್ತದೆ. ಹಳಿಯ ಉದ್ದದ ಜೊತೆಗೆ, ಮಡಚಿದಾಗಿನ ಒಟ್ಟು ದಪ್ಪವನ್ನೂ ಅಳೆಯಿರಿ. ಸಾಮಾನ್ಯವಾಗಿ 13 ಅಥವಾ 17 ಮಿ.ಮೀ. ಇರುತ್ತದೆ. ಪಕ್ಕಕ್ಕೆ ತೆರೆಯುವ ಕದದ ಸ್ಟೇ ಬೇರೆ, ಮೇಲೆ ಕೀಲಿದ್ದು ಕೆಳಗಿನಿಂದ ತೆರೆಯುವ ಕದದ್ದು ಬೇರೆ. ಅಲ್ಯೂಮಿನಿಯಂ ಕಿಟಕಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನೇ ಹಾಕಿ. ಸಾದಾ ಉಕ್ಕು ತೇವದಲ್ಲಿ ತುಕ್ಕು ಹಿಡಿದು ತೂತಿನಲ್ಲೇ ಕಚ್ಚಿಕೊಳ್ಳುತ್ತದೆ.

ಅಕ್ಕಪಕ್ಕ ಸರಿಯುವ ಕಿಟಕಿಯ ಕತೆ ಸರಳ. ಮೊದಲು ಹಳಿಯ ಮಣ್ಣು ತೆಗೆಯಿರಿ, ಹತ್ತರಲ್ಲಿ ಐದು ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ ಕದವನ್ನು ಮೇಲಕ್ಕೆತ್ತಿ, ಬುಡವನ್ನು ಒಳಕ್ಕೆ ಎಳೆದು ಇಳಿಸಿ, ತಳದ ಗಾಲಿಗಳನ್ನು ಬದಲಿಸಿ. ರಬ್ಬರ್ ಪಟ್ಟಿ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದೇ ಆಕಾರದ ಹೊಸದನ್ನು ತುಸು ಉದ್ದವಾಗಿಯೇ ಕತ್ತರಿಸಿ ಒತ್ತಿ ಕೂರಿಸಿ. ಎಳೆದು ಕೂರಿಸಿದರೆ ಆಮೇಲೆ ಕುಗ್ಗಿ ಮೂಲೆಯಲ್ಲಿ ಸಂದು ಬೀಳುತ್ತದೆ.

ಎಲ್ಲ ಜೋಡಿಸಿದ ಮೇಲೆ ಒಂದು ಕಾಗದದ ಚೂರನ್ನು ಕದಕ್ಕೂ ಚೌಕಟ್ಟಿಗೂ ನಡುವೆ ಇಟ್ಟು ಮುಚ್ಚಿ, ಎಳೆಯಿರಿ. ನಾಲ್ಕು ಬದಿಯಲ್ಲೂ ಹೀಗೆ ಮಾಡಿ. ಕಾಗದ ಬಿಗಿಯಾಗಿ ನಿಂತರೆ ಸರಿ, ಒಂದು ಕಡೆ ಸರಕ್ಕನೆ ಬಂದುಬಿಟ್ಟರೆ ಅಲ್ಲಿಂದಲೇ ಗಾಳಿ ನುಗ್ಗುವುದು. ಅಂಚಿನ ಲಾಕ್ ಗುಬುಟುಗಳು ಅನೇಕ ಕಿಟಕಿಗಳಲ್ಲಿ ನಟ್ಟನಡುವೆ ಕೂತಿರದೆ ಒಂದು ಬದಿಗೆ ಸರಿದಿರುತ್ತವೆ. ಹಾಗಾಗಿ ತಿರುಗಿಸಿದರೆ ಕದವನ್ನು ಚೌಕಟ್ಟಿಗೆ ಇನ್ನಷ್ಟು ಒತ್ತುತ್ತವೆ. ಕಾಗದ ಸಡಿಲವಾಗಿ ಬಂದ ಕಡೆಯ ಗುಬುಟನ್ನು ಅಲೆನ್ ಕೀಯಿಂದ (ಆರು ಮೂಲೆಯ ಬಾಗಿದ ಕಡ್ಡಿ) ತುಸು ತಿರುಗಿಸಿ, ಮತ್ತೆ ಕಾಗದ ಇಟ್ಟು ಎಳೆದು ನೋಡಿ.