ಹನ್ನೆರಡು ವೋಲ್ಟ್ ಇದೆ, ಆಸನ ಮಾತ್ರ ತಣ್ಣಗೆ

ಅರೇಬಿಕಾ ಕೊಯ್ಲು ನಡೆಯುವ ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರಿನ ಬೆಳಗಿನ ಚಳಿಯೂ ಜೋರು. ರಾತ್ರಿಯಿಡೀ ಮಂಜಿನಲ್ಲಿ ನಿಂತ ಕಾರಿನ ಚರ್ಮದ ಆಸನದ ಮೇಲೆ ಕುಳಿತರೆ ಬೆನ್ನುಹುರಿಯೇ ಜುಮ್ಮೆನ್ನುತ್ತದೆ. ಬಿಸಿಯಾಗುವ ಆಸನ ಕರ್ನಾಟಕಕ್ಕೇಕೆ ಎಂದು ಬಯಲುಸೀಮೆಯವರು ನಗಬಹುದು. ಮುಳ್ಳಯ್ಯನಗಿರಿಯ ಬುಡದಲ್ಲಿ ತೋಟ ಇಟ್ಟುಕೊಂಡವರು ನಗುವುದಿಲ್ಲ. ಅಮೆರಿಕದ ಕ್ಯಾಡಿಲಾಕ್ 1966ರಲ್ಲಿ ಇಂಥ ಆಸನವನ್ನು ಹೆಚ್ಚುವರಿ ಸೌಕರ್ಯವಾಗಿ ಕೊಟ್ಟಿತು. 1970ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್ ಕೂಡ ಅಳವಡಿಸಿತು. ಈಗ ಕೆಲವು ದುಬಾರಿ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತದೆ. ಉಳಿದವರು ಕಾರ್ಬನ್ ಎಳೆಗಳ ತೆಳು ಹಾಸನ್ನು ಸೀಟು ಕವರಿನಡಿ ಹಾಕಿಸಿಕೊಳ್ಳಬಹುದು.

ಕೆಡುವುದಂತೂ ಎರಡೂ ಕೆಡುತ್ತವೆ. ಆಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಫ್ಯೂಸ್ ನೋಡುತ್ತಾರೆ, ಸರಿ ಇದೆ. ಆಸನದಡಿಯ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಡುತ್ತಾರೆ, 12 ವೋಲ್ಟ್ ತೋರಿಸುತ್ತದೆ. 'ಕರೆಂಟ್ ಬರುತ್ತಿದೆ, ಹೀಟರೇ ಸುಟ್ಟಿದೆ' ಎಂಬ ತೀರ್ಪು ಹೊರಬೀಳುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹೊಸ ಹಾಸು ಹಾಕಿಸಿದ ಮೇಲೂ ಆಸನ ಬೆಚ್ಚಗಾಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ಆ 12 ವೋಲ್ಟ್ ಅರ್ಧ ಸತ್ಯ.

ಹೀಟರ್ ಎಂದರೆ ರೋಧವುಳ್ಳ, ಅಂದರೆ ವಿದ್ಯುತ್ತಿನ ಹರಿವನ್ನು ತಡೆಯುವ ತಂತಿ, ಅಷ್ಟೆ. ಅದರಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೂ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೂ) ರೋಧಕ್ಕೂ ಅನುಗುಣವಾಗಿರುತ್ತದೆ ಎಂದು ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದ್ದರು. ಲೆಕ್ಕಕ್ಕೆ ಹೀಟರಿನ ರೋಧ 2.5 ಓಮ್ ಎಂದಿಟ್ಟುಕೊಳ್ಳೋಣ. 12 ವೋಲ್ಟ್ ಕೊಟ್ಟರೆ 4.8 ಆಂಪಿಯರ್ ಹರಿಯುತ್ತದೆ, ಸುಮಾರು 58 ವ್ಯಾಟ್ ಶಾಖ ಸಿಗುತ್ತದೆ. ಬೆನ್ನು ಬೆಚ್ಚಗಾಗಲು ಅಷ್ಟು ಸಾಕು.

ಈಗ ಆಸನದಡಿಯ ಕನೆಕ್ಟರ್ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಕೆಸರು ಮೆತ್ತಿದ ಬೂಟು, ನೀರಿಳಿಯುವ ಕೊಡೆ ಎಲ್ಲವೂ ಕಾರಿನೊಳಕ್ಕೇ ಬರುತ್ತವೆ. ನೆಲಹಾಸು ತಿಂಗಳುಗಟ್ಟಲೆ ತೇವವಾಗಿರುತ್ತದೆ. ಅದಕ್ಕೆ ತಾಗಿಕೊಂಡೇ ಇರುವ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಆ ಕಿಲುಬಿನಿಂದ ಅಲ್ಲೊಂದು ಓಮ್ ರೋಧ ಸೇರಿತೆನ್ನಿ. ಒಟ್ಟು 3.5 ಓಮ್ ಆಯಿತು, ಪ್ರವಾಹ 3.4 ಆಂಪಿಯರಿಗೆ ಇಳಿಯಿತು. ಆಸನಕ್ಕೆ ಈಗ ದಕ್ಕುವುದು ಸುಮಾರು 29 ವ್ಯಾಟ್, ಅಂದರೆ ಅರ್ಧ. ಇನ್ನೊಂದು 12 ವ್ಯಾಟಿನಷ್ಟು ಶಾಖ ಬೆರಳ ತುದಿಯಷ್ಟಿರುವ ಪಿನ್ನಿನಲ್ಲೇ ಹುಟ್ಟುತ್ತದೆ. ಕನೆಕ್ಟರಿನ ಪ್ಲಾಸ್ಟಿಕ್ ಕಂದಾಗಿ, ಮೆತ್ತಗಾಗಿ, ಕೊನೆಗೆ ಕರಗುವುದು ಹೀಗೆ. ಇಷ್ಟಾದರೂ ಫ್ಯೂಸ್ ಹೋಗುವುದಿಲ್ಲ, ಏಕೆಂದರೆ ಪ್ರವಾಹ ಹೆಚ್ಚಾಗಿಲ್ಲ, ಕಡಿಮೆಯಾಗಿದೆ.

ಇದೇ ಕನೆಕ್ಟರನ್ನು ಬಿಚ್ಚಿ ಅಳೆದಾಗ ಮೀಟರ್ 12 ವೋಲ್ಟ್ ತೋರಿಸಿದ್ದೇಕೆ? ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆದುಕೊಳ್ಳುವುದು ಒಂದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು. ಅಷ್ಟು ಸಣ್ಣ ಪ್ರವಾಹಕ್ಕೆ ಒಂದು ಓಮ್ ಕಿಲುಬು ಲೆಕ್ಕಕ್ಕೇ ಬಾರದು. ತೋಟದವರಿಗೆ ಇದು ಹೊಸದೇನಲ್ಲ: ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕುವಾಗ, ಪೈಪಿನಲ್ಲಿ ಅರ್ಧ ಹೂಳು ತುಂಬಿದ್ದರೂ ತುದಿಯ ವಾಲ್ವ್ ಮುಚ್ಚಿರುವ ತನಕ ಒತ್ತಡದ ಮುಳ್ಳು ಸರಿಯಾಗಿಯೇ ನಿಂತಿರುತ್ತದೆ, ವಾಲ್ವ್ ತೆರೆದರೆ ಬಿದ್ದುಹೋಗುತ್ತದೆ.

ಆದ್ದರಿಂದ ಎಂಜಿನ್ ಚಾಲೂ ಇಟ್ಟು, ಆಸನದ ಹೀಟರ್ ಹಾಕಿ, ಕನೆಕ್ಟರ್ ಬಿಚ್ಚದೆ, ಅದರ ಹಿಂಬದಿಯಿಂದ ಮೀಟರಿನ ಮೊನೆ ತಾಗಿಸಿ ಅಳೆಯಬೇಕು. ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಕೆಂಪನ್ನು ಆಸನದಿಂದ ಕಾರಿನ ಮೈಗೆ ಹೋಗುವ ಅರ್ಥಿಂಗ್ ತಂತಿಗೆ ಇಟ್ಟು ನೋಡಿ. ಒಂದೆರಡು ದಶಾಂಶ ವೋಲ್ಟ್ ಬಂದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿದರೆ ಅರ್ಥಿಂಗ್ ಬೋಲ್ಟಿನಡಿ ತುಕ್ಕು ಇದೆಯೇ ಎಂದು ಹುಡುಕಿ. ಪಾಸಿಟಿವ್ ಕಡೆಯೂ ಹೀಗೆಯೇ ತುಂಡು ತುಂಡಾಗಿ ಅಳೆಯುತ್ತ ಬಂದರೆ ಕಳ್ಳ ಸಿಕ್ಕಿಬೀಳುತ್ತಾನೆ. ಮೀಟರ್ ಮುಟ್ಟದ ಹಳೆಯ ಎಲೆಕ್ಟ್ರಿಷಿಯನ್ನರು ಹೆಡ್‌ಲೈಟಿನ 55 ವ್ಯಾಟ್ ಬಲ್ಬಿಗೆ ಎರಡು ತಂತಿ ಕಟ್ಟಿ, ಹೀಟರಿನ ಜಾಗದಲ್ಲಿ ಜೋಡಿಸಿ ಪರೀಕ್ಷಿಸುವುದುಂಟು; ಅದನ್ನು ನೋಡಿ ನಗಬೇಡಿ. ಆ ಬಲ್ಬ್ ಹೆಚ್ಚುಕಡಿಮೆ ಆಸನದಷ್ಟೇ ಪ್ರವಾಹ ಎಳೆಯುತ್ತದೆ, ಮಂಕಾಗಿ ಉರಿದರೆ ದಾರಿಯಲ್ಲಿ ದೋಷವಿದೆ ಎಂದೇ ಅರ್ಥ. ಬರೀ ಸ್ವಿಚ್ಚು, ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು) ಇರುವ ಆಸನಕ್ಕೆ ಮಾತ್ರ ಈ ಉಪಾಯ. ತಣ್ಣನೆಯ ಬಲ್ಬ್ ಮೊದಲ ಕ್ಷಣದಲ್ಲಿ ಹತ್ತು ಪಟ್ಟಿನ ಆಸುಪಾಸಿನ ಪ್ರವಾಹ ಎಳೆಯುವುದರಿಂದ ಎಲೆಕ್ಟ್ರಾನಿಕ್ ನಿಯಂತ್ರಕಕ್ಕೆ ಪೆಟ್ಟಾಗಬಹುದು.

ನಿಯಂತ್ರಕ ಇರುವಲ್ಲಿ ಇನ್ನೊಂದು ತೊಡಕಿದೆ. ಹಾಸಿನೊಳಗೆ ಒಂದು ತಾಪಸಂವೇದಕ ಇರುತ್ತದೆ. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ಅದರ ತಂತಿ ತುಂಡಾದರೆ ರೋಧ ಅನಂತವಾಗಿ ಕಾಣುತ್ತದೆ. ಅಷ್ಟು ಚಳಿ ಈ ಭೂಮಿಯ ಮೇಲೆ ಇರಲಾರದು ಎಂದು ನಿಯಂತ್ರಕ ಸುರಕ್ಷತೆಗಾಗಿ ಹೀಟರನ್ನೇ ಆರಿಸಿಬಿಡುತ್ತದೆ. ಸ್ವಿಚ್ ಒತ್ತಿದಾಗ ದೀಪ ಹತ್ತಿ ಕೆಲವೇ ಕ್ಷಣಗಳಲ್ಲಿ ಆರಿದರೆ ಮೊದಲು ಶಂಕಿಸಬೇಕಾದದ್ದು ಇಂಥ ದೋಷಗಳನ್ನು. ಬ್ಯಾಟರಿ ಸೊರಗಿದಾಗಲೂ ಕೆಲವು ಕಾರುಗಳು ಹೀಗೆಯೇ ಮಾಡುತ್ತವೆ. ಇನ್ನು ನಿಯಂತ್ರಕ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹಚ್ಚಿ ಆರಿಸುತ್ತ ಬಿಸಿ ಹೊಂದಿಸುವಂತಿದ್ದರೆ, ಮೀಟರಿನಲ್ಲಿ ಕಾಣುವುದು ಸರಾಸರಿ ಮಾತ್ರ. 6 ವೋಲ್ಟ್ ಕಂಡಿತೆಂದು ಗಾಬರಿಯಾಗಬೇಡಿ; ಗರಿಷ್ಠ ಮಟ್ಟಕ್ಕೆ ಇಟ್ಟು ಅಳೆಯಿರಿ.

ಹೀಟರ್ ನಿಜಕ್ಕೂ ತುಂಡಾಗುವುದೂ ಉಂಟು. ಹಿಂದಿನ ಆಸನದಿಂದ ಏನನ್ನೋ ಎತ್ತಿಕೊಳ್ಳಲು ಮುಂದಿನ ಆಸನದ ಮೇಲೆ ಮೊಣಕಾಲೂರುವವರಿಂದ ಅದಕ್ಕೆ ಹೆಚ್ಚು ಅಪಾಯ. ಅನೇಕ ಕಾರುಗಳಲ್ಲಿ ಕೂರುವ ಭಾಗ ಮತ್ತು ಒರಗುವ ಭಾಗದ ಹೀಟರುಗಳು ಸರಣಿಯಲ್ಲಿರುತ್ತವೆ, ಅಂದರೆ ಒಂದನ್ನು ದಾಟಿಯೇ ಪ್ರವಾಹ ಇನ್ನೊಂದಕ್ಕೆ ಹೋಗಬೇಕು, ಒಂದು ಕಡಿದರೆ ಎರಡೂ ತಣ್ಣಗೆ. ಬಿಚ್ಚಿದ ಹೀಟರಿನ ರೋಧ ಅಳೆದರೆ ಇದು ನಿಮಿಷದಲ್ಲಿ ತಿಳಿಯುತ್ತದೆ. ಮಡಿಕೆ ಬಿದ್ದ ಹಾಸು ಒಂದೇ ಕಡೆ ಸುಡುತ್ತಿದ್ದರೆ ಬಳಸಲೇಬೇಡಿ. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದೇ ತಿಳಿಯದೆ ಹೋಗಬಹುದು.

ಆಸನದಡಿ ಕೈಹಾಕುವ ಮುನ್ನ ಒಂದು ಮಾತು. ಅಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದೋ ಸೀಟ್‌ಬೆಲ್ಟ್ ಬಿಗಿಯುವ ಸಿಡಿಮದ್ದಿನದೋ ಆಗಿರುತ್ತದೆ. ಅದಕ್ಕೆ ಮೀಟರ್ ತಾಗಿಸಲೇಬಾರದು. ರೋಧ ಅಳೆಯುವಾಗ ಮೀಟರ್ ತಾನೇ ಸಣ್ಣ ಪ್ರವಾಹ ಹರಿಸುತ್ತದೆ, ಅದರಿಂದಲೇ ಅವು ಸಿಡಿದುಬಿಡಬಹುದು. ಆಸನ ಬಿಚ್ಚಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ತೆಗೆದು, ಕಾರಿನ ಕೈಪಿಡಿ ಹೇಳಿದಷ್ಟು ನಿಮಿಷ ಕಾದು, ಆಮೇಲೆ ಮುಂದುವರಿಯಬೇಕು. ಅಭ್ಯಾಸವಿಲ್ಲದವರು ಬಲ್ಲವರಿಗೇ ಬಿಡುವುದು ಮೇಲು.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಕಥೆ ಬೇರೆ. ಆಸನ ಜಾರುವ ಹಳಿಗೆ ಉಜ್ಜಿ ಸವೆದ ತಂತಿಯೋ ಇಲಿ ಕಡಿದ ತಂತಿಯೋ ಕಾರಿನ ಮೈಗೆ ತಾಗುತ್ತಿರಬೇಕು. ದೊಡ್ಡ ಫ್ಯೂಸ್ ಹಾಕಿ ಬಾಯಿ ಮುಚ್ಚಿಸುವುದು ಬೆಂಕಿಗೆ ಆಹ್ವಾನ. ತಂತಿ ಸರಿಪಡಿಸಿದ ಮೇಲೆ ಹೀಟರ್ ಹಾಕಿಟ್ಟು ಆಸನವನ್ನು ಪೂರ್ತಿ ಮುಂದಕ್ಕೂ ಪೂರ್ತಿ ಹಿಂದಕ್ಕೂ ಸರಿಸಿ ನೋಡಬೇಕು. ತುದಿಗೆ ಹೋದಾಗ ತಂತಿ ಬಿಗಿಯುತ್ತಿದ್ದರೆ ಅದನ್ನು ಇನ್ನೂ ನಾಲ್ಕು ಬೆರಳು ಸಡಿಲ ಬಿಟ್ಟು ಕಟ್ಟಿಸಿ.