ನನ್ನ ಪಾಠದ ವಿಡಿಯೋದಲ್ಲಿ ನಾನು ಏನನ್ನು ನೋಡಬೇಕು?

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಒಂದು ಕ್ಲಾಸನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನ್ನ ದನಿ, ಕೈ ಆಡಿಸುವ ರೀತಿ ನೋಡಿ ಮುಜುಗರವಾಗಿ ಐದೇ ನಿಮಿಷಕ್ಕೆ ನಿಲ್ಲಿಸಿಬಿಟ್ಟೆ. ಇದರಿಂದ ನಿಜವಾಗಿ ಪಾಠ ಸುಧಾರಿಸುತ್ತಾ?

ಉತ್ತರ: ಸುಧಾರಿಸುತ್ತದೆ. ಆದರೆ ನಿಮ್ಮನ್ನು ನೋಡಿಕೊಳ್ಳುವುದನ್ನು ಬಿಟ್ಟು ಮಕ್ಕಳನ್ನು ನೋಡಬೇಕು.

ಮೊದಲು ಆ ಮುಜುಗರದ ವಿಷಯ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಜೊತೆಗೆ ತಲೆಬುರುಡೆಯ ಮೂಳೆಯ ಮೂಲಕವೂ ನಮ್ಮ ಕಿವಿ ಸೇರುತ್ತದೆ. ರೆಕಾರ್ಡಿಂಗಿನಲ್ಲಿ ಮೂಳೆಯ ಪಾಲು ಇರುವುದಿಲ್ಲ. ಅದಕ್ಕೇ ದನಿ ತೆಳ್ಳಗೆ, ಬೇರೆಯವರದ್ದು ಅನ್ನಿಸುತ್ತದೆ. ಎರಡು ಮೂರು ಸಲ ಕೇಳಿದರೆ ಅಭ್ಯಾಸವಾಗುತ್ತದೆ.

ಇನ್ನು ಏನನ್ನು ನೋಡುವುದು? ಒಂದೇ ಒಂದು ವಿಷಯ ಹಿಡಿಯಿರಿ. ನೀವು ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡು ಸುಮ್ಮನಿದ್ದೀರಿ? ಅಷ್ಟನ್ನು ಎಣಿಸಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನುವವರು ವಿಜ್ಞಾನದ ಪಾಠಗಳ ಟೇಪ್ ಕೇಳಿ ಇದನ್ನೇ ಅಳೆದರು. ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬಾರದ ಪ್ರಶ್ನೆಗಳು ಕಡಿಮೆಯಾದವು. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಹೀಗೇ ಕಾಯಬೇಕು. ನಾವು ತಕ್ಷಣ "ಗುಡ್, ಕೂತ್ಕೋ" ಅಂದುಬಿಡುತ್ತೇವೆ. ಮಗು ಇನ್ನೂ ಏನೋ ಹೇಳುವುದರಲ್ಲಿತ್ತು, ಅದು ಅಲ್ಲೇ ನಿಲ್ಲುತ್ತದೆ.

ನನಗಿದು ಅರಿವಾದದ್ದು ಭಿನ್ನರಾಶಿಯ ಪಾಠದಲ್ಲಿ. "ಅರ್ಧ ದೊಡ್ಡದಾ, ಮೂರನೇ ಒಂದು ಭಾಗ ದೊಡ್ಡದಾ?" ಅಂತ ಕೇಳಿ ಬೋರ್ಡಿನ ಕಡೆ ತಿರುಗಿದ್ದೆ. ವಿಡಿಯೋದಲ್ಲಿ ಮೂರನೇ ಬೆಂಚಿನ ಹುಡುಗಿ ತಲೆ ಎತ್ತುತ್ತಾಳೆ. ಬೆರಳಲ್ಲಿ ಬೆಂಚಿನ ಮೇಲೆ ಗೆರೆ ಎಳೆದು ಭಾಗ ಮಾಡುತ್ತಾಳೆ. ತುಟಿ ಬಿಚ್ಚುತ್ತಾಳೆ. ಅಷ್ಟರಲ್ಲಿ ನಾನೇ "ರೊಟ್ಟಿ ಮುರಿದಂಗೆ ಯೋಚ್ನೆ ಮಾಡ್ರೋ" ಅಂತ ಶುರು ಮಾಡಿದ್ದೇನೆ. ಅವಳು ತಲೆ ತಗ್ಗಿಸುತ್ತಾಳೆ. ಆ ಭಾಗವನ್ನು ಎಷ್ಟು ಸಲ ನೋಡಿದೆನೋ. ಅವಳು ಮಾತೇ ಆಡುವುದಿಲ್ಲ ಅಂತ ಅಲ್ಲಿಯವರೆಗೂ ನಂಬಿದ್ದೆ.

ಆದ್ದರಿಂದ ಫೋನನ್ನು ಹಿಂದಿನ ಬೆಂಚಿನಲ್ಲಿ ಇಡಬೇಡಿ. ಅಲ್ಲಿಂದ ಕಾಣುವುದು ನಿಮ್ಮ ಮುಖ, ಮಕ್ಕಳ ಬೆನ್ನು. ಬೋರ್ಡಿನ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ, ಮಕ್ಕಳ ಕಡೆ ಮುಖ ಮಾಡಿ ಇಡಿ. ಫ್ಯಾನಿನ ಕೆಳಗೆ ಬೇಡ, ಮಾತು ಕೇಳಿಸುವುದಿಲ್ಲ. ಹತ್ತು ನಿಮಿಷದ ರೆಕಾರ್ಡಿಂಗ್ ಸಾಕು. ಮುಖ್ಯೋಪಾಧ್ಯಾಯರಿಗೆ ಮತ್ತು ಪೋಷಕರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಮಕ್ಕಳಿಗೂ ತಿಳಿಸಿ. ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡಿ, ನೋಡಿ ಮುಗಿದ ಮೇಲೆ ಅಳಿಸಿಬಿಡಿ.

ಬಿ.ಎಡ್.ನಲ್ಲಿ ಮೈಕ್ರೋ ಟೀಚಿಂಗ್ ಮಾಡಿರುತ್ತೀರಿ ಅಲ್ವಾ? 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪದ್ಧತಿ ಅದು. ಪುಟ್ಟ ಪಾಠ ಮಾಡುವುದು, ಅದರ ವಿಡಿಯೋ ನೋಡುವುದು, ತಿದ್ದಿಕೊಂಡು ಅದನ್ನೇ ಮತ್ತೆ ಕಲಿಸುವುದು. ಈ ಮೂರನೆಯದನ್ನು ನಾವು ಜಾಸ್ತಿ ಬಿಟ್ಟುಬಿಡುತ್ತೇವೆ. ನೀವು ಬಿಡಬೇಡಿ. ಮುಂದಿನ ವಾರ ಇನ್ನೊಂದು ಹತ್ತು ನಿಮಿಷ ರೆಕಾರ್ಡ್ ಮಾಡಿ, ಮತ್ತೆ ಸೆಕೆಂಡು ಎಣಿಸಿ. ಈ ಸಲ ಹೊಸದಾಗಿ ಬಾಯಿ ಬಿಟ್ಟವರು ಯಾರು ಅಂತ ಹೆಸರು ಬರೆದಿಟ್ಟುಕೊಳ್ಳಿ.